ಸೊಂಡಿಲು ತಪ್ಪಿದ ಗಣಪತಿ

ಮಗ್ಗೆ ಊರಿಗೆ ಹೋಗುವ ಬಸ್ಸಿನಲ್ಲಿ ಎಲೈನ್ ಟೀಚರ್ ತೂಕಡಿಸುತ್ತಿದ್ದರು. ಆಲೂರಿನಲ್ಲಿ ಮರಗೆತ್ತನೆ ವರ್ಕ್‌ಶಾಪಿನ ನಂಜುಂಡ ಹತ್ತಿ, ಅವರ ಮುಂದಿನ ಸೀಟಿನಲ್ಲಿದ್ದ ಲೋಹಿತನ ಪಕ್ಕ ಕೂತ. ನಂಜುಂಡನ ವರ್ಕ್‌ಶಾಪಿನಲ್ಲಿ ಮರ ಕೆತ್ತುವ ಕಂಪ್ಯೂಟರ್ ಮಿಷನ್ ನಡೆಸುವವನೇ ಲೋಹಿತ್.

“ಹೊಸ ಕೇಬಲ್ ಯಾಕೋ ತಂದೆ?”

“ಬಾಗ್ಲಲ್ಲಿ ಗಣಪತಿ ಸೊಂಡಿಲು ಕೆತ್ತೋವಾಗ ಮಿಷನ್ನು ಎಡಕ್ಕೆ ಜಾರ್ಬುಡ್ತು ಅಣ್ಣ. ಆ ಬಾಗ್ಲೂ ಹೋಯ್ತು.”

ಹಿಂದೆ ಕೂತು ಕೇಳಿಸಿಕೊಂಡ ಟೀಚರಿಗೆ ನಿದ್ದೆ ಹಾರಿತು.

“ಭಾನುವಾರ ಗಿರಾಕಿ ಮನೆ ಗೃಹಪ್ರವೇಶ ಐತೆ ಕಣೋ! ತೇಗ ಇರೋದೇ ಇನ್ನೊಂದ್ ಬಾಗ್ಲಿಗೆ. ಕಂಪ್ಯೂಟರ್ ಕೆಟ್ಟೈತಾ?”

“ಇಲ್ಲ. ಅದು ಹೇಳಿದ್ದು ಕೇಬಲ್ಲಲ್ಲಿ ಮಿಷನ್ನಿಗೆ ಅರ್ಧಂಬರ್ಧ ಹೋಗ್ತೈತೆ.”

“ಯಾವಾಗಿಂದ?”

“ಆಯುಧಪೂಜೆ ಆದಾಗಿಂದ.”

“ಪೂಜೆ ಚೆನ್ನಾಗೇ ಆಯ್ತಲ್ಲೋ.”

“ಚೆನ್ನಾಗೇ ಆಯ್ತು. ನಿಮ್ಮವ್ವ ಕೇಬಲ್ ಬಿಚ್ಚಿಸಿ, ಒಂದೊಂದು ಪಿನ್ನಿಗೂ ಕುಂಕುಮ ಇಟ್ಟವ್ರೆ. ಒಳಗೆ ಹೋಗಿರೋ ಪುಡಿ ಬರ್ತಾನೇ ಇಲ್ಲ.”

ನಂಜುಂಡ ಲೋಹಿತನ ಕೈಯಿಂದ ಹೊಸ ಕೇಬಲ್ ಇದ್ದ ಕವರ್ ತೆಗೆದುಕೊಂಡ.

“ಪೂಜೆ ಆಗ್ದೆ ಹೊಸ ಕೇಬಲ್ ಸಿಗಿಸಾಕೆ ಅವ್ವ ಬಿಡಲ್ಲ.”

“ಮತ್ತೇನ್ ಮಾಡೋದು ಅಣ್ಣ?”

ಮಗ್ಗೆ ಬಂತು. ನಂಜುಂಡ ಕವರಿನಿಂದ ಹೊಸ ಕೇಬಲ್ ತೆಗೆದು ಜೇಬಿಗೆ ತುರುಕಿಕೊಂಡ. ಖಾಲಿ ಕವರನ್ನು ಲೋಹಿತನ ಕೈಗಿಟ್ಟ.

“ಹಳೇದನ್ನ ಚೆನ್ನಾಗಿ ಒರೆಸಿ ಇದಕ್ಕೆ ಹಾಕಿ ಕೊಡು. ಅವ್ವ ಅದಕ್ಕೇ ಪೂಜೆ ಮಾಡ್ಲಿ,” ಎಂದು ಇಳಿದ.