ಹೊನ್ನಕೆರೆಯೋ, ಸಂಪಿಗೆತೋಪೋ?

ಇಷ್ಟು ಹೊತ್ತು ನೆಮ್ಮದಿ ಎಲ್ಲಿ ಸಿಗುತ್ತದೆ ಎಂದು ಮಾತಾಡುತ್ತಿದ್ದೆವು. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ಕಣ್ಣು ಮುಚ್ಚಿದ್ದಾರೆ. ಅವರಿಗೆ ಸಿಕ್ಕಿರಬೇಕು, ಎಬ್ಬಿಸಬೇಡಿ. ಉಳಿದವರಿಗೆ ಒಂದು ಕಥೆ ಹೇಳುತ್ತೇನೆ.

ದೊಡ್ಡದೊಂದು ನಗರ. ಆ ನಗರದಲ್ಲಿ ಚನ್ನವೀರಪ್ಪ ಎಂಬ ಗ್ರಾನೈಟ್ ವ್ಯಾಪಾರಿ ಇದ್ದ. ಊರಿನ ಅರ್ಧ ಜನ ಅವನ ಕಲ್ಲಿನ ಮೇಲೆಯೇ ನಡೆದಾಡುತ್ತಿದ್ದರು. ಅವನ ಹೆಂಡತಿ ಶಶಿರೇಖಾ. ಇಬ್ಬರೂ ನಗರದ ನಡುವೆ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ವಾಸವಾಗಿದ್ದರು. ಒಳ್ಳೆಯ ಮನೆಯೇ. ಆದರೆ ನೋಡಿ, ಕೈಯಲ್ಲಿ ನಾಲ್ಕು ಕಾಸು ಸೇರಿದ ಕೂಡಲೇ ಇದ್ದ ಮನೆಗೆ ಗಾಳಿ ಸಾಲುವುದಿಲ್ಲ! ನಿನ್ನೆಯವರೆಗೆ ಸಾಲುತ್ತಿತ್ತು, ಇವತ್ತು ಸಾಲುವುದಿಲ್ಲ. ಗಾಳಿ ಕಡಿಮೆಯಾಯಿತೇ? ಇಲ್ಲ. ಮೂಗು ದೊಡ್ಡದಾಯಿತು.

ನಗರದಿಂದಾಚೆ ಎರಡು ಹೊಸ ಬಡಾವಣೆಗಳು ಎದ್ದಿದ್ದವು. ಪೂರ್ವಕ್ಕೆ ಹೊನ್ನಕೆರೆ, ಪಶ್ಚಿಮಕ್ಕೆ ಸಂಪಿಗೆತೋಪು. ಎರಡೂ ಕಡೆ ಸಾಲು ಸಾಲು ಬಂಗಲೆ, ಗೇಟಿನಲ್ಲಿ ಸಲ್ಯೂಟು, ಈಜುಕೊಳ. ಎರಡೂ ಕಡೆಯಿಂದ ನಗರಕ್ಕೆ ಒಂದೇ ಗಂಟೆಯ ದಾರಿ. ಒಂದು ಗಂಟೆ ಎಂದರೆ ಮನೆ ಮಾರುವವನ ಗಡಿಯಾರದ ಗಂಟೆ, ನಮ್ಮ ನಿಮ್ಮ ಗಡಿಯಾರದ್ದಲ್ಲ.

ಚನ್ನವೀರಪ್ಪನಿಗೆ ಹೊನ್ನಕೆರೆ ಬೇಕು. ಶಶಿರೇಖಾಗೆ ಸಂಪಿಗೆತೋಪು ಬೇಕು. ಭಾನುವಾರ ಬಂತೆಂದರೆ ಕಾರು ಹತ್ತುವುದು, ಬಂಗಲೆ ನೋಡುವುದು, ಜಗಳವಾಡಿಕೊಂಡು ಹಿಂದಿರುಗುವುದು. ವರ್ಷಗಟ್ಟಲೆ ಇದೇ ನಡೆಯಿತು.

"ಹೊನ್ನಕೆರೇಲಿ ಕ್ಲಬ್ ಇದೆ ಶಶಿ. ದೊಡ್ಡ ದೊಡ್ಡ ಜನ ಬರ್ತಾರೆ."

"ದೊಡ್ಡ ಜನ ಕಟ್ಕೊಂಡು ನನಗೇನ್ರೀ ಆಗ್ಬೇಕು? ಸಂಪಿಗೆತೋಪಲ್ಲಿ ಮರ ಆದ್ರೂ ಇದೆ."

"ಮರ ನೋಡೋಕೆ ಕೋಟಿ ಕೊಡ್ಬೇಕಾ? ಕ್ಯಾಲೆಂಡರ್ ತಂದು ಹಾಕ್ತೀನಿ ಬಿಡು."

ಆ ದಿನ ಶಶಿರೇಖಾ ಅಡುಗೆ ಮಾಡಲಿಲ್ಲ. ಅದಾದ ಮೇಲೆ ಮಾತೂ ಕಡಿಮೆಯಾಯಿತು. ಒಂದೇ ಮೇಜಿನಲ್ಲಿ ಕೂತು ಊಟ ಮಾಡುವರು, ಉಪ್ಪು ಬೇಕಾದರೆ ಎದ್ದು ಹೋಗಿ ತಂದುಕೊಳ್ಳುವರು, ಕೇಳುತ್ತಿರಲಿಲ್ಲ. ನಗಬೇಡಿ. ನಿಮ್ಮ ಮನೆಯಲ್ಲಿ ಟೀವಿ ರಿಮೋಟಿಗೆ ಇದೇ ನಡೆಯುವುದಿಲ್ಲವೇ?

ಕೊನೆಗೆ ಚನ್ನವೀರಪ್ಪನೇ ಒಂದು ದಾರಿ ಹುಡುಕಿದ. ಮಾರುವವರ ಮಾತು ಬೇಡ, ಅಲ್ಲಿ ಈಗಾಗಲೇ ಇರುವವರನ್ನೇ ಕೇಳೋಣ ಎಂದ. ಮೊದಲು ಹೊನ್ನಕೆರೆಗೆ ಹೋದರು. ಅಲ್ಲಿ ಪಟ್ಟಾಭಿರಾಮ್ ಎಂಬಾತ ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟಿದ್ದ. ಕೇಳಿದ್ದೇ ತಡ, ಹೊಗಳತೊಡಗಿದ.

"ಸ್ವರ್ಗ ಸಾರ್, ಸ್ವರ್ಗ! ಇಲ್ಲಿಂದ ನನ್ನ ಹೊತ್ಕೊಂಡು ಹೋಗೋದು ನಾಲ್ಕು ಜನ ಮಾತ್ರ. ಸಂಪಿಗೆತೋಪಾ? ಅಯ್ಯೋ, ಅಲ್ಲಿ ಬರೀ ಸೊಳ್ಳೆ."

ಚನ್ನವೀರಪ್ಪ ಹೆಂಡತಿಯ ಕಡೆ ನೋಡಿದ. ಮೀಸೆ ಇರಲಿಲ್ಲ, ಇದ್ದಿದ್ದರೆ ತಿರುವುತ್ತಿದ್ದ.

ಮುಂದಿನ ಭಾನುವಾರ ಸಂಪಿಗೆತೋಪಿಗೆ ಹೋದರು. ಮಾರಾಟಕ್ಕಿದ್ದ ಬಂಗಲೆಯೊಂದನ್ನು ನೋಡುತ್ತ ಶಶಿರೇಖಾ ಬಚ್ಚಲುಮನೆಯ ಬಾಗಿಲು ತೆಗೆದಳು. ತೆಗೆದು ಕಿರುಚಿದಳು. ಒಳಗೆ ಒಬ್ಬ ಮನುಷ್ಯ ಅಳತೆಪಟ್ಟಿ ಹಿಡಿದು ಗೋಡೆ ಅಳೆಯುತ್ತಿದ್ದ. ಯಾರು? ಹೇಳಿ ನೋಡೋಣ. ಹೌದು, ಪಟ್ಟಾಭಿರಾಮ್!

"ನೀವಿಲ್ಲಿ?" ಎಂದ ಚನ್ನವೀರಪ್ಪ.

"ನಮ್ಮ ಷಡ್ಡಕನಿಗೆ... ಸುಮ್ನೆ... ಒಂದು ಮನೆ ನೋಡ್ತಾ ಇದ್ದೆ ಸಾರ್."

"ಸ್ವರ್ಗದಲ್ಲಿ ಜಾಗ ಇರಲಿಲ್ವಾ?"

ಪಟ್ಟಾಭಿರಾಮನ ಮುಖ ಬಾಡಿಹೋಯಿತು. ಬಚ್ಚಲಿನ ಕಟ್ಟೆಯ ಮೇಲೆಯೇ ಕುಳಿತುಬಿಟ್ಟ. "ನಿಜ ಹೇಳ್ತೀನಿ ಸಾರ್. ಹೋದ ತಿಂಗಳು ನನ್ನ ಹೆಂಡ್ತಿ ಮೆಟ್ಟಿಲ ಮೇಲೆ ಜಾರಿಬಿದ್ಲು. ಎತ್ತೋಕೆ ಇನ್ನೊಂದು ಕೈ ಬೇಕಿತ್ತು. ಯಾರನ್ನ ಕರೀಲಿ? ಒಂದು ಹೆಸರೂ ಬಾಯಿಗೆ ಬರ್ಲಿಲ್ಲ. ಇಲ್ಲಿಯ ಜನ ಒಳ್ಳೆಯವ್ರಂತೆ. ಅದಕ್ಕೇ ಬಂದೆ."

"ಪಕ್ಕದ ಮನೆಯವರನ್ನ ಕರೀಬಹುದಿತ್ತಲ್ಲಾ?" ಎಂದಳು ಶಶಿರೇಖಾ.

"ಅವರ ಹೆಸರೇ ಗೊತ್ತಿಲ್ಲ ಮೇಡಂ. ಅವರ ನಾಯಿ ಹೆಸರು ಗೊತ್ತು. ಬ್ರೂನೋ."

"ನೀವೇ ಹೋಗಿ ಒಂದು ಸಲ ಮಾತಾಡಿಸ್ಬಹುದಿತ್ತು."

"ಅವರೇ ಬರ್ಲಿಲ್ಲ. ನಾನ್ಯಾಕೆ ಹೋಗ್ಲಿ?"

ಹಿಂದಿರುಗುವಾಗ ಗಂಡ ಹೆಂಡತಿ ಇಬ್ಬರೂ ಕಾರಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಒಟ್ಟಿಗೆ ನಕ್ಕರು. "ಬ್ರೂನೋ ಅಂತೆ, ಬ್ರೂನೋ!" ನಗು ನಿಂತಾಗ ಶಶಿರೇಖಾ ಮೆಲ್ಲಗೆ ಕೇಳಿದಳು, "ರೀ, ನಮ್ಮ ಎದುರು ಮನೆಯವರ ಹೆಸರೇನು?"

ಚನ್ನವೀರಪ್ಪ ಯೋಚಿಸಿದ. ದಾರಿಯುದ್ದಕ್ಕೂ ಯೋಚಿಸಿದ. ತಾವು ಆ ಅಪಾರ್ಟ್‌ಮೆಂಟಿಗೆ ಬಂದು ಹತ್ತು ವರ್ಷ ಆಗಿತ್ತು.

"ನಾಯಿನೂ ಇಲ್ಲ ಕಣೇ ಅವರಿಗೆ," ಎಂದ.

ಅಪಾರ್ಟ್‌ಮೆಂಟಿಗೆ ಬಂದವರು ತಮ್ಮ ಬಾಗಿಲು ತೆರೆಯಲಿಲ್ಲ, ಎದುರಿನ ಬಾಗಿಲ ಗಂಟೆ ಒತ್ತಿದರು. ಅರವತ್ತು ದಾಟಿದ ಹೆಂಗಸೊಬ್ಬರು ಬಾಗಿಲು ತೆಗೆದು ಗಾಬರಿಯಾದರು.

"ಏನಮ್ಮಾ, ನಮ್ಮನೆ ನೀರು ನಿಮ್ಕಡೆ ಸೋರ್ತಿದೆಯಾ?"

"ಇಲ್ಲ, ಇಲ್ಲ. ಸುಮ್ನೆ ಮಾತಾಡ್ಸೋಣ ಅಂತ ಬಂದ್ವಿ. ನಿಮ್ಮ ಹೆಸರು..."

ಆಕೆಗೆ ನಂಬಿಕೆ ಬರಲಿಲ್ಲ. ಹಿಂದೆ ಕ್ಯಾಮೆರಾ ಏನಾದರೂ ಇದೆಯೋ ಎಂದು ಇಣುಕಿ ನೋಡಿದರು. ಆಮೇಲೆ ಒಳಗೆ ಕರೆದು ಕೂರಿಸಿದರು. ಹೆಸರು ಮನೋರಮಾ. ಗೋಡೆಯ ಮೇಲೆ ಒಬ್ಬ ಗಂಡಸಿನ ಫೋಟೋ, ಅದಕ್ಕೆ ಗಂಧದ ಹಾರ. ಆ ಮುಖವನ್ನು ಚನ್ನವೀರಪ್ಪ ಲಿಫ್ಟಿನಲ್ಲಿ ನೋಡಿದ್ದ. ದಿನಾ ನೋಡುತ್ತಿದ್ದ.

"ಯಜಮಾನ್ರು... ಯಾವಾಗ?"

"ಹೋದ ವರ್ಷ. ಒಂದು ಭಾನುವಾರ ಬೆಳಿಗ್ಗೆ ಎದೆ ಹಿಡ್ಕೊಂಡು ಕೂತ್ರು. ನಿಮ್ಮನೆ ಬಾಗಿಲು ಬಡಿದೆ. ನೀವು ಎಲ್ಲೋ ಹೋಗಿದ್ರಿ ಅನ್ಸುತ್ತೆ."

ಎಲ್ಲಿಗೆ ಹೋಗಿದ್ದರು? ನಿಮಗೆ ಗೊತ್ತು. ಆ ಸಂಜೆ ಹಿಂದಿರುಗಿದಾಗ ಎದುರು ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಯಾರದೋ ನಾಮಕರಣ ಇರಬೇಕು ಎಂದುಕೊಂಡು, ಜನಕ್ಕೆ ಚಪ್ಪಲಿ ಬಿಡಲೂ ಬರುವುದಿಲ್ಲ ಎಂದು ಗೊಣಗಿಕೊಂಡು, ಅವನ್ನು ಕಾಲಿನಿಂದ ಸರಿಸಿ ಒಳಗೆ ಹೋಗಿದ್ದರು. ಅದು ಈಗ ಇಬ್ಬರಿಗೂ ನೆನಪಾಯಿತು. ಶಶಿರೇಖಾ ಎದ್ದು ಹೋಗಿ ಆಕೆಯ ಪಕ್ಕದಲ್ಲಿ ಕುಳಿತಳು. ಕೈ ಹಿಡಿದುಕೊಂಡಳು.

"ತಡ ಆದ್ರೂ ಬಂದ್ರಲ್ಲ," ಎಂದರು ಮನೋರಮಾ. "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"

ಆಮೇಲೆ ಬಡಾವಣೆಯ ಮನೆ ಕೊಂಡರೇ? ಕೊಂಡರು. ಯಾಕೆ ಕೊಳ್ಳಬಾರದು? ದುಡಿದ ದುಡ್ಡು. ಆದರೆ ಅದಕ್ಕೂ ಜಗಳ! "ನಿನಗಿಷ್ಟ ಅಲ್ವಾ, ಸಂಪಿಗೆತೋಪೇ ಇರಲಿ" ಎಂದು ಅವನು, "ಬೇಡಾರೀ, ನಿಮ್ಮ ಹೊನ್ನಕೆರೇನೇ ಆಗ್ಲಿ" ಎಂದು ಅವಳು. ಅವಳೇ ಗೆದ್ದಳು, ಹೊನ್ನಕೆರೆಯೇ ಆಯಿತು. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ್ದು ಮನೋರಮಾ. ಲಾರಿಯಿಂದ ಸಾಮಾನು ಇಳಿಯುತ್ತಿರುವಾಗಲೇ ಚನ್ನವೀರಪ್ಪ ಆ ಬೀದಿಯ ಮನೆಮನೆಗೂ ಹೋಗಿ ತನ್ನ ಹೆಸರು ಹೇಳಿ, ಅವರ ಹೆಸರು ಕೇಳಿ ಬಂದ. ಪಟ್ಟಾಭಿರಾಮನನ್ನೂ ಎಳೆದುಕೊಂಡು ಹೋದ. ಮೊದಮೊದಲು ಎಲ್ಲರೂ ಇವನು ಚುನಾವಣೆಗೆ ನಿಲ್ಲುತ್ತಾನೆ ಎಂದುಕೊಂಡರು. ಒಂದಿಬ್ಬರು ಬಾಗಿಲನ್ನೇ ತೆರೆಯಲಿಲ್ಲ. ಉಳಿದವರು ತೆರೆದರು. ಪಟ್ಟಾಭಿರಾಮ್ ಈಗ ಬೇರೆ ಮನೆ ಹುಡುಕುತ್ತಿಲ್ಲ.

ಇಷ್ಟೇ ಕಥೆ. ಯಾಕೆ ಹೇಳಿದೆ? ಇಲ್ಲಿ ಯಾರೂ ಹೊನ್ನಕೆರೆಯಲ್ಲಿ ಬಂಗಲೆ ಕೊಳ್ಳುತ್ತಿಲ್ಲ, ನಮಗೇಕೆ ಈ ಮಾತು ಎನ್ನುತ್ತೀರಾ? ಸ್ವಾಮಿ, ಒಳ್ಳೆಯ ಬೀದಿ ಬೇಕು ಎಂದು ಹುಡುಕುವವರೇ ಎಲ್ಲರೂ. ಆ ಬೀದಿಯಲ್ಲಿ ಒಳ್ಳೆಯ ನೆರೆಯವರಾಗುವವರು ಯಾರು? ಅದನ್ನೂ ಬಿಲ್ಡರ್ ಕಟ್ಟಿಕೊಡಬೇಕೇ? ನೆರೆಮನೆಯಲ್ಲಿ ಮಗು ಹುಟ್ಟಿದ್ದು ನಿಮಗೆ ವಾಟ್ಸಾಪಿನಲ್ಲಿ ತಿಳಿಯುತ್ತದೆ, ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀರಿ. ಎಂಟು ಹೆಜ್ಜೆ ನಡೆಯಲು ಏನು ಕಷ್ಟ? ಇವತ್ತು ಮನೆಗೆ ಹೋದವರು ನಿಮ್ಮ ಬೀಗ ತೆಗೆಯುವ ಮುಂಚೆ ಎದುರಿನ ಬಾಗಿಲು ತಟ್ಟಿ. ನೀರು ಸೋರುತ್ತಿದೆಯೇ ಎಂದು ಕೇಳುತ್ತಾರೆ. ಇಲ್ಲ ಎನ್ನಿ. ಕಾಫಿ ಕೊಟ್ಟರೆ ಕುಡಿಯಿರಿ, ಕೊಡದಿದ್ದರೆ ನಿಮ್ಮ ಮನೆಗೆ ಕರೆಯಿರಿ. ಅವರೇ ಬರಲಿ ಎಂದು ಮಾತ್ರ ಕಾಯಬೇಡಿ. ಅವರೂ ಅದನ್ನೇ ಕಾಯುತ್ತಿದ್ದಾರೆ.

ಮನೆಗೆ ಹೋಗುವವರೆಗೂ ಯಾಕೆ? ಇಲ್ಲಿ ಒಂದು ಗಂಟೆಯಿಂದ ನಿಮ್ಮ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದಾರಲ್ಲ, ಅವರ ಹೆಸರೇನು? ನೋಡಿ, ನೋಡಿ, ಎಲ್ಲರೂ ತಲೆ ಬಗ್ಗಿಸಿದಿರಿ! ನಾನು ಸುಮ್ಮನಾಗುತ್ತೇನೆ. ತಿರುಗಿ ಕೇಳಿ.