ಹತ್ತು ಬೋಲ್ಟು, ಮೂರು ಸುತ್ತು

ವೇದಿಕೆಯ ಮೇಲಿರುವ ಮೆಕ್ಯಾನಿಕ್ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದಿನ ಸನ್ಮಾನಿತರಾದ ಬಾಬಾಜಾನ್ ಅವರೇ, ಅಡುಗೆಮನೆಯ ಕಡೆಗೇ ಮುಖ ಮಾಡಿ ಕೂತಿರುವ ಸಭಿಕರೇ,

ಬೆಳ್ಳೂರು ಕ್ರಾಸಿನ ನನ್ನ ಗ್ಯಾರೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಬಾಬಾಜಾನ್ ಇಂದು ಬೀಳ್ಕೊಳ್ಳುತ್ತಿದ್ದಾರೆ. ಅವರ ಬಗ್ಗೆ ಮಾಲೀಕನಾದ ನಾನಲ್ಲದೆ ಇನ್ಯಾರು ಮಾತಾಡಬೇಕು? ಅವರ ದೊಡ್ಡ ಗುಣ ಯಾವುದು? ನಿಧಾನ. ಅವರ ದೊಡ್ಡ ದೋಷ ಯಾವುದು? ಅದೂ ನಿಧಾನವೇ.

ಎಂಜಿನ್ನಿನ ಹೆಡ್ಡು, ಅಂದರೆ ಮೇಲಿನ ಮುಚ್ಚಳ, ಕೂರಿಸಲು ಹತ್ತು ಬೋಲ್ಟು. ನಾನಾದರೆ ಹತ್ತು ನಿಮಿಷದಲ್ಲಿ ಬಿಗಿದು ಕೈ ತೊಳೆಯುತ್ತೇನೆ. ಇವರು ನಡುವಿನ ಬೋಲ್ಟಿನಿಂದ ಶುರು ಮಾಡಿ, ಆ ಕಡೆಯದೊಂದು, ಈ ಕಡೆಯದೊಂದು ಬಿಗಿಯುತ್ತಾ ಹೊರಗೆ ಬರುತ್ತಾರೆ. ಒಂದು ಸಲವಲ್ಲ, ಮೂರು ಸುತ್ತು. ಕೊನೆಯ ಸುತ್ತಿಗೆ ಅಳತೆಯ ಸ್ಪ್ಯಾನರು. ಅದು ಟಿಕ್ ಎನ್ನಬೇಕು, ಇವರು ಬೋಲ್ಟಿನ ತಲೆಗೆ ಸೀಮೆಸುಣ್ಣದ ಗೀಟು ಎಳೆಯಬೇಕು. “ಲೇ ಬಾಬಾ, ಬೋಲ್ಟ್ ಬಿಗೀತಿದ್ದೀಯೋ, ಮಗೀನ ಮಲಗುಸ್ತಿದ್ದೀಯೋ?” ಎಂದು ಎಷ್ಟು ಸಲ ಛೇಡಿಸಿಲ್ಲ ನಾನು?

“ಜಾಸ್ತಿ ಬಿಗುದ್ರೆ ಕಟ್ಟಾಯ್ತದೆ, ಕಮ್ಮಿ ಆದ್ರೆ ಎಂಜಿನ್ನಿಗೆ ನೀರ್ ನುಗ್ತದೆ ಶಿವಣ್ಣ. ಬರೀ ಕೈಗೇನ್ ಗೊತ್ತಾಯ್ತದೆ?” ಎನ್ನುತ್ತಿದ್ದರು. ನನ್ನ ಕೈಗೆ ಗೊತ್ತಾಗುವುದಿಲ್ಲವೇ? ಇದು ನಾಲ್ಕು ತಾಲ್ಲೂಕಿನಲ್ಲಿ ರಿಬ್ಬನ್ ಕತ್ತರಿಸಿದ ಕೈ.

ಎರಡು ತಿಂಗಳ ಹಿಂದೆ ನಾಗಮಂಗಲದ ಲೋಕೇಶ್ ಅವರ ಕಾರು ಬಂದಿತ್ತು. ಮಾರನೇ ದಿನ ತಾಯಿ ದೊಡ್ಡತಾಯಮ್ಮನವರನ್ನು ಗಂಜಾಂನ ನಿಮಿಷಾಂಬೆಯ ದರ್ಶನಕ್ಕೆ ಕರೆದೊಯ್ಯಬೇಕಿತ್ತು. ಅಂದು ಶುಕ್ರವಾರ. ಬಾಬಾಜಾನ್ ಅದರ ಹೆಡ್ಡಿನ ಬೋಲ್ಟುಗಳನ್ನು ಮೊದಲ ಸುತ್ತು ಬಿಗಿದು, “ನಮಾಜ್ ಮುಗ್ಸಿ ಬತ್ತೀನಿ, ಯಾರೂ ಮುಟ್ಬ್ಯಾಡಿ” ಎಂದು ಹೋದರು. ನನಗೆ ಪಾಂಡವಪುರದಲ್ಲಿ ಟೈರ್ ಅಂಗಡಿಯ ಉದ್ಘಾಟನೆ. ಎಷ್ಟು ಹೊತ್ತು ಕಾಯುವುದು? ಸ್ಪ್ಯಾನರಿನ ಹಿಡಿಗೆ ಮೂರಡಿ ಪೈಪು ಸಿಕ್ಕಿಸಿ, ಎಡದಿಂದ ಬಲಕ್ಕೆ ಒಂದೊಂದು ಎಳೆತ ಎಳೆದೆ. ಕೊನೆಯದು ಸ್ವಲ್ಪ ಹಗುರವಾಗಿಯೇ ತಿರುಗಿತು. ಬೋಲ್ಟು ಒಳಗೆ ಮುರಿದಿದೆ ಎಂದು ಯಾರಿಗೆ ಗೊತ್ತು? ಬಾಬಾಜಾನ್ ವಾಪಸ್ ಬರುವ ಮೊದಲೇ ಕಾರು ಕೊಟ್ಟು ಕಳಿಸಿದೆ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಲೋಕೇಶ್, ಕೂತುಕೊಳ್ಳಿ, ಭಾಷಣ ಇನ್ನೂ ಮುಗಿದಿಲ್ಲ.

ಕಾರು ಬಾಬುರಾಯನಕೊಪ್ಪಲಿನ ಬಳಿ ಹೊಗೆ ಕಾರಿ ನಿಂತಿತು. ಎಪ್ಪತ್ತಾರರ ದೊಡ್ಡತಾಯಮ್ಮ ಎರಡು ಗಂಟೆ ಬಿಸಿಲಿನಲ್ಲಿ ರಸ್ತೆ ಬದಿ ಕೂತಿದ್ದರು. ಲೋಕೇಶ್ ಬಂದು ಕೂಗಾಡಿದಾಗ ನಾನೇನೆಂದೆ? “ಬಾಬಾಂಗೆ ವಯಸ್ಸಾಯ್ತು ಕಣಪ್ಪ, ಕೈ ನಡುಗ್ತದೆ.” ಬಾಬಾಜಾನ್ ಅಲ್ಲೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನನ್ನ ಮುಖ ನೋಡಿ, ಆ ಬಟ್ಟೆಯನ್ನು ಮಡಿಸಿಟ್ಟರು. ಅಂದಿನಿಂದ ಒಬ್ಬ ಗಿರಾಕಿಯೂ ಅವರಿಗೆ ಎಂಜಿನ್ ಮುಟ್ಟಲು ಬಿಡಲಿಲ್ಲ. ಐವತ್ತನಾಲ್ಕಕ್ಕೆ ಯಾರಾದರೂ ನಿವೃತ್ತರಾಗುತ್ತಾರೆಯೇ? ಈ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ನನ್ನ ಒಂದು ಸುಳ್ಳಿನ ಮೇಲೆ ಕೂತಿವೆ. ಬಾಬಾಜಾನರ ಕೈ ನಡುಗುವುದಿಲ್ಲ. ಇದನ್ನು ಅಂದೇ ಹೇಳಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಗುತ್ತಿದೆ.

ಕೊನೆಯದಾಗಿ ಒಂದು ಪ್ರಕಟಣೆ. ಸನ್ಮಾನಿತರನ್ನು ಮನೆ ಮುಟ್ಟಿಸಲು ಹೊರಗೆ ನನ್ನ ಕಾರು ಹೂವು ಮುಡಿದು ನಿಂತಿದೆ. ಸಭೆಗೆ ಮುಂಚೆ ಬಾಬಾಜಾನ್, “ಇದ್ರ ಹೆಡ್ಡು ಯಾರು ಕೂರ್ಸಿದ್ದು?” ಎಂದು ಕೇಳಿದರು. ನಾನೇ ಎಂದೆ. “ಅಂಗಾದ್ರೆ ಬಸ್ಸಲ್ಲೇ ಓಯ್ತೀನಿ” ಎಂದರು. ನಮ್ಮ ಜೊತೆ ಬರಬೇಕಿದ್ದ ನನ್ನ ಹೆಂಡತಿ ಅರ್ಪಿತ ಆಗಲೇ ಬಸ್ಸಿನಲ್ಲಿ ಎರಡು ಸೀಟು ಹಿಡಿಯಲು ಹೋಗಿದ್ದಾಳೆ. ಎರಡೇ.

ಕಾರು ಖಾಲಿ ಇದೆ, ಬರುವವರಿದ್ದರೆ ಬನ್ನಿ. ಎದ್ದು ಹೋಗದೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.