ಹೊಸ ಮೇಸ್ತ್ರಿಯ ಸ್ಪ್ಯಾನಿಷ್

ಪರದೇಶದ ಊರೊಂದರಲ್ಲಿ ಬಸ್ಸಿಗೆ ಕಾಯುವ ಸಾಲಿನಲ್ಲಿ ಅಕ್ಕ, ತಮ್ಮ ನಿಂತಿದ್ದರು. ತಮ್ಮ ಇಸ್ತ್ರಿ ಕಾರ್ಖಾನೆಗೆ ಅಂದಿನಿಂದ ಮೇಸ್ತ್ರಿ. ಅವನ ಕೈಕೆಳಗಿನ ಹೆಂಗಸರಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಮಾತು ಬಾರದಂತೆ. ಅಕ್ಕ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಮುಟ್ಟು ಅನ್ನೋದಕ್ಕೆ?"

"ತೋಕಾ."

"ಮುಟ್ಟಬೇಡ?"

"ನೋ ತೋಕೆಸ್. ಬೇಡ ಅನ್ನುವಾಗ ಪದದ ಬಾಲ ಬದಲಾಗತ್ತಕ್ಕ. ಮಾತಾಡು, ಆಬ್ಲಾ. ಮಾತಾಡಬೇಡ, ನೋ ಆಬ್ಲೆಸ್."

"ಆಹಾ, ಏನು ಪಾಂಡಿತ್ಯ. ಇನ್ನೇನು ಕಲ್ತೆ?"

"ಓಡಬೇಡ, ನಗಬೇಡ, ತಡ ಮಾಡಬೇಡ."

"ಹಳೇ ಮೇಸ್ತ್ರೀನ ಯಾಕೆ ಓಡಿಸಿದ್ರು?"

"ಅವನ ಬಾಯಿ ತಡೀಲಾರದೆ ಹೆಂಗಸರು ಕೆಲಸ ಬಿಟ್ರು. ನನ್ನ ಕೈಕೆಳಗೂ ಕೆಲಸ ಬಿಟ್ರೆ ಯಜಮಾನ ನನ್ನನ್ನೂ ಮನೆಗೆ ಕಳಿಸ್ತಾನೆ."

"ಹಾಗಿದ್ರೂ ಇದೇ ಕಲ್ತಿದ್ದೀಯಲ್ಲೋ, ದಡ್ಡ ಶಿಖಾಮಣಿ. ನಿನ್ನ ಹೆಸರೇನಮ್ಮ ಅಂತ ಕೇಳೋಕೆ ಬರತ್ತಾ?"

"ಅದು ಮೊದಲನೇ ಪಾಠದಲ್ಲಿತ್ತು. ಕೆಲಸಕ್ಕೆ ಬರಲ್ಲ ಅಂತ ಬಿಟ್ಟೆ."

"ಬೇಡ ಬೇಡ ಅಂದ್ರೆ ಯಾರು ನಿಲ್ತಾರೋ? ಇದನ್ನೆಲ್ಲ ಎಲ್ಲಿ ಕಲ್ತೆಯೋ, ಕಾಣೆ."

ಬಸ್ಸು ಬಂತು. ಅಕ್ಕ ತಮ್ಮನನ್ನು ಮುಂದೆ ತಳ್ಳಿದಳು.

"ಬಾಗಿಲಲ್ಲಿ ನಿಲ್ಲಬೇಡ. ಕಂಬಿ ಬಿಡಬೇಡ. ಆ ಹೆಂಗಸರ ಮುಂದೆ ಹೀಗೆ ಬೆಪ್ಪನ ಹಾಗೆ ಬಾಯಿ ಬಿಡಬೇಡ."

"ಆಯ್ತಕ್ಕ," ಎಂದ ಮೇಸ್ತ್ರಿ, ಚಿಕ್ಕಂದಿನಿಂದ ಅಭ್ಯಾಸವಾದವನಂತೆ ತಲೆ ತಗ್ಗಿಸಿ ಹತ್ತಿದ.